ಬಾಡಿಗೋ ಲೆನ್ಸಿಗೋ? ಓದುಗರ ಕ್ಯಾಮೆರಾ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವುದನ್ನು ಕೊಳ್ಳಲಿ?’ ಎಂದೇ ಮುಗಿಯುತ್ತವೆ. ಕೊಳ್ಳುವ ಮಾತಿಗೆ ಮೊದಲು ಕೆಟ್ಟಿರುವ ಫೋಟೊ ಅಥವಾ ವಿಡಿಯೊವನ್ನೇ ಕೂತು ನೋಡಬೇಕು. ತೊಂದರೆ ಎಲ್ಲಿದೆ ಎಂಬುದು ಬಹುಪಾಲು ಅದರಲ್ಲೇ ಸಿಗುತ್ತದೆ.

ಪ್ರಶ್ನೆ: ನನ್ನದು ಚಿಕ್ಕ ಅಳತೆಯ ಎಪಿಎಸ್‌-ಸಿ ಸೆನ್ಸರಿನ ಕ್ಯಾಮೆರಾ, ಜೊತೆಗೆ ಬಂದ 18–55 ಎಂಎಂ ಲೆನ್ಸ್. ಮನೆಯೊಳಗೆ ಮಕ್ಕಳ ಫೋಟೊ ತೆಗೆದರೆ ಅರ್ಧಕ್ಕರ್ಧ ಮಸುಕು, ಉಳಿದವುಗಳಲ್ಲಿ ರವೆ ಚೆಲ್ಲಿದಂತೆ ನಾಯ್ಸ್. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಬಾಡಿ ಕೊಳ್ಳಬೇಕೆ?

ಉತ್ತರ: ಮಸುಕಾದ ಒಂದು ಫೋಟೊವನ್ನು ಕಂಪ್ಯೂಟರಿನಲ್ಲಿ ಶೇ 100ಕ್ಕೆ ಹಿಗ್ಗಿಸಿ. ಮಗುವಿನ ಕಾಲ ಬಳಿಯ ನೆಲ ಸ್ಪಷ್ಟವಾಗಿದ್ದು ಕೈ, ಮುಖ ಮಾತ್ರ ಉಜ್ಜಿದಂತಿದ್ದರೆ ಮಗು ಓಡಿದ ವೇಗಕ್ಕೆ ಶಟರಿನ ವೇಗ ಸಾಲಲಿಲ್ಲ ಎಂದರ್ಥ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಮಗು ಮಸುಕಾಗಿ ಹಿಂದಿನ ಕುರ್ಚಿ ಚೂಪಾಗಿ ಬಂದಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಲೆನ್ಸಿನ ಸ್ಟೆಬಿಲೈಸರ್ ಎರಡನೆಯದಕ್ಕೆ ಮಾತ್ರ ಕೆಲಸಕ್ಕೆ ಬರುತ್ತದೆ. ಓಡುವ ಮಗುವನ್ನು ಅದು ಹಿಡಿದು ನಿಲ್ಲಿಸಲಾರದು.

ಮನೆಯೊಳಗಿನ ಮಕ್ಕಳ ಫೋಟೊಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲನೆಯ ತೊಂದರೆ. ನಿಮ್ಮ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ರಾತ್ರಿ ದೀಪದ ಬೆಳಕಿನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, 6400 ಇಟ್ಟರೂ ಶಟರ್ ಸೆಕೆಂಡಿನ 1/30ರ ಹತ್ತಿರವೇ ನಿಲ್ಲುತ್ತದೆ ಎಂದುಕೊಳ್ಳಿ. ಅದೇ ಬೆಳಕಿನಲ್ಲಿ ಜೂಮ್ ಇಲ್ಲದ 35 ಎಂಎಂ ಎಫ್/1.8 ಪ್ರೈಮ್ ಲೆನ್ಸ್ ಹಾಕಿದರೆ ಮೂರು ಸ್ಟಾಪಿಗಿಂತ ಸ್ವಲ್ಪ ಹೆಚ್ಚೇ ಬೆಳಕು ಸಿಗುತ್ತದೆ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ). ಅಂದರೆ 1/30 ಇದ್ದದ್ದು 1/60, 1/125 ದಾಟಿ 1/250ಕ್ಕೆ ಬರುತ್ತದೆ, ಐಎಸ್‌ಒ ಒಂದು ಚೂರೂ ಏರದೆ. ಲೆನ್ಸಿನ ಎಫ್ ಸಂಖ್ಯೆ ಹಾಗೇ ಉಳಿದು ಬಾಡಿ ಮಾತ್ರ ಫುಲ್‌ಫ್ರೇಮ್ ಆದರೆ ನಾಯ್ಸಿನಲ್ಲಿ ಸಿಗುವ ಲಾಭ ಒಂದು ಸ್ಟಾಪಿಗಿಂತ ತುಸು ಹೆಚ್ಚು, ಅಷ್ಟೇ. ಹಾಗಾಗಿ ಮೊದಲ ಖರ್ಚು ಲೆನ್ಸಿಗೇ ಆಗಲಿ. 50 ಎಂಎಂ ಎಫ್/1.8 ಕೂಡ ಒಳ್ಳೆಯದೇ. ಆದರೆ ಎಪಿಎಸ್‌-ಸಿ ಮೇಲೆ ಅದು ಫುಲ್‌ಫ್ರೇಮಿನ 75 ಎಂಎಂನಷ್ಟು ಕಿರಿದಾದ ನೋಟ ಕೊಡುವುದರಿಂದ ಸಣ್ಣ ಕೋಣೆಯಲ್ಲಿ ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗುತ್ತದೆ.

ಸೆಟ್ಟಿಂಗ್: ಅಪರ್ಚರ್ ಪ್ರಯಾರಿಟಿ, ಎಫ್/2. ಆಟೊ ಐಎಸ್‌ಒ, ಗರಿಷ್ಠ ಮಿತಿ 6400, ಕನಿಷ್ಠ ಶಟರ್ 1/250. ಫೋಕಸ್ ಕಂಟಿನ್ಯುಯಸ್ ಮೋಡಿನಲ್ಲಿರಲಿ, ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಆನ್ ಮಾಡಿ. ಒಂದು ಎಚ್ಚರಿಕೆ ಬೇಕು. 35 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದು ಒಂದೂವರೆ ಮೀಟರ್ ದೂರದಿಂದ ತೆಗೆದರೆ ಚೂಪಾಗಿ ಕಾಣುವ ಆಳ ಸುಮಾರು 13 ಸೆಂ.ಮೀ., ಒಂದು ಗೇಣೂ ಇಲ್ಲ. ಇಬ್ಬರು ಮಕ್ಕಳು ಹಿಂದೆಮುಂದೆ ನಿಂತಿದ್ದರೆ ಒಬ್ಬರು ಮಸುಕಾಗುವುದು ಖಚಿತ. ಆಗ ಎಫ್/4ಕ್ಕೆ ಹೋಗಿ, ಬೇಕಿದ್ದರೆ ಮಿತಿ ಸಡಿಲಿಸಿ, ಐಎಸ್‌ಒ ಏರಿದರೆ ಏರಲಿ. ನಾಯ್ಸಿಗೆ ಹೆದರಿ ಕತ್ತಲಾಗಿ ತೆಗೆದು ಆಮೇಲೆ ಬೆಳಕು ಏರಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ನಾಯ್ಸ್ ಕಡಿಮೆಯಾಗುವುದಿಲ್ಲ, ಜೆಪೆಗ್‌ನಲ್ಲಿ ಬಣ್ಣವೂ ಕೆಡುತ್ತದೆ.

ಪ್ರಶ್ನೆ: ಬಿಸಿಲಿನಲ್ಲಿ ತೆಗೆದ ವಿಡಿಯೊದಲ್ಲಿ ನಡೆಯುವವರ ಚಲನೆ ಕಡಿದು ಕಡಿದು ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್ ಬದಲು 50 ಫ್ರೇಮಿನಲ್ಲಿ ತೆಗೆಯಬೇಕೆ? ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಎಷ್ಟರದ್ದು ಬೇಕು?

ಉತ್ತರ: ಫ್ರೇಮ್ ರೇಟ್ ಬದಲಿಸುವ ಅಗತ್ಯವಿಲ್ಲ. ಕ್ಯಾಮೆರಾ ಆಟೊದಲ್ಲಿದ್ದಾಗ ಬಿಸಿಲಿನ ಬೆಳಕನ್ನು ತಡೆಯಲು ಶಟರನ್ನು 1/1000, 1/2000ಕ್ಕೆ ಏರಿಸಿಬಿಡುತ್ತದೆ. ಆಗ ಪ್ರತಿ ಫ್ರೇಮೂ ಕಲ್ಲಿನಲ್ಲಿ ಕಡೆದಂತೆ ಚೂಪು. ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ ಕಣ್ಣು ಜೋಡಿಸಿಕೊಳ್ಳಲು ಚಲನೆಯ ಮಸುಕೇ ಇರುವುದಿಲ್ಲ. ಶಟರ್ ಫ್ರೇಮ್ ರೇಟಿನ ಎರಡರಷ್ಟಿರಬೇಕು: 25ಕ್ಕೆ 1/50, 30ಕ್ಕೆ 1/60, 50ಕ್ಕೆ 1/100. ಮ್ಯಾನುವಲ್‌ನಲ್ಲಿ ಇದನ್ನು ಕಟ್ಟಿಹಾಕಿ.

ಹೀಗೆ ಮಾಡಿದ ಕೂಡಲೇ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಫಿಲ್ಟರಿನ ಲೆಕ್ಕ ಶುರುವಾಗುವುದು ಇಲ್ಲಿಂದ. ನಿಚ್ಚಳ ಬಿಸಿಲಿಗೆ ಹಳೆಯ ಸೂತ್ರ ಐಎಸ್‌ಒ 100, ಶಟರ್ 1/100, ಎಫ್/16. ಶಟರ್ 1/50 ಆದರೆ ಎಫ್/22 ಬೇಕು. ಅಷ್ಟು ಮುಚ್ಚಿದರೆ ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್ನಿನಿಂದ ಚಿತ್ರದ ಚೂಪು ಹೋಗುತ್ತದೆ, ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳೂ ಎದ್ದು ಕಾಣುತ್ತವೆ. ಎಫ್/4ರಲ್ಲಿ ತೆಗೆಯಬೇಕೆಂದರೆ 22ರಿಂದ 16, 11, 8, 5.6, 4, ಒಟ್ಟು ಐದು ಮೆಟ್ಟಿಲು ಇಳಿಯಬೇಕು. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿ. ಐದಕ್ಕೆ 32 ಪಟ್ಟು. ಆದ್ದರಿಂದ ನಿಮಗೆ ಬೇಕಾದ್ದು ಎನ್‌ಡಿ32. ಎನ್‌ಡಿ8 ಮೂರು ಸ್ಟಾಪ್, ಎನ್‌ಡಿ64 ಆರು ಸ್ಟಾಪ್ ತಗ್ಗಿಸುತ್ತದೆ. ಹತ್ತು ಸ್ಟಾಪಿನ ಎನ್‌ಡಿ1000 ನೀರನ್ನು ಹಾಲಿನಂತೆ ತೋರಿಸುವ ದೀರ್ಘ ಎಕ್ಸ್‌ಪೋಶರಿನ ಫೋಟೊಗಳಿಗೆ ಸರಿ, ಸಾಮಾನ್ಯ ವಿಡಿಯೊಗೆ ವಿಪರೀತವಾಯಿತು.

ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಚಪ್ಪಟೆಯಾಗಿ ಹಿಡಿಯುವ ಲಾಗ್ ಪ್ರೊಫೈಲ್ ಬಳಸುವವರು ಲೆಕ್ಕ ತಿದ್ದಿಕೊಳ್ಳಬೇಕು. ಹಲವು ಕ್ಯಾಮೆರಾಗಳಲ್ಲಿ ಲಾಗ್‌ ಹಾಕಿದರೆ ಐಎಸ್‌ಒ 800ಕ್ಕಿಂತ ಕೆಳಗೆ ಇಳಿಯುವುದಿಲ್ಲ. 100ರಿಂದ 800ಕ್ಕೆ ಮೂರು ಸ್ಟಾಪ್. ಐದರ ಜಾಗದಲ್ಲಿ ಎಂಟು ಸ್ಟಾಪಿನ ಎನ್‌ಡಿ256 ಬೇಕಾಗುತ್ತದೆ. ನಿಮ್ಮ ಕ್ಯಾಮೆರಾ 8-ಬಿಟ್ ಮಾತ್ರ ರೆಕಾರ್ಡ್ ಮಾಡುವುದಾದರೆ ಲಾಗ್ ಬಿಟ್ಟುಬಿಡುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ. 8-ಬಿಟ್ಟಿನಲ್ಲಿ ಒಂದು ಬಣ್ಣಕ್ಕೆ 256 ಮಟ್ಟ, 10-ಬಿಟ್ಟಿನಲ್ಲಿ 1024. ಆ 256ರಲ್ಲೇ ಚಪ್ಪಟೆಯಾಗಿ ಹಿಡಿದ ಆಕಾಶವನ್ನು ಎಡಿಟಿಂಗಿನಲ್ಲಿ ಎಳೆದರೆ ನೀಲಿ ಪದರ ಪದರವಾಗಿ ಒಡೆಯುತ್ತದೆ.

ವೇರಿಯಬಲ್ ಎನ್‌ಡಿ ಎಂದರೆ ಒಂದರ ಮೇಲೊಂದು ಇಟ್ಟ ಎರಡು ಪೋಲರೈಸರ್. ಉಂಗುರ ತಿರುಗಿಸಿ ಬೆಳಕು ಹೆಚ್ಚುಕಡಿಮೆ ಮಾಡುವ ಅನುಕೂಲವಿದೆ. ಆದರೆ ವೈಡ್ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ನೆರಳು ಬೀಳುತ್ತದೆ. ಗುರುತು ಹಾಕಿದ ಮಿತಿಯೊಳಗೇ ಇರಿ. ಫಿಲ್ಟರ್ ಹಾಕಿದ ಮೇಲೆ ವೈಟ್ ಬ್ಯಾಲೆನ್ಸ್ ಮತ್ತೆ ಹೊಂದಿಸಿ, ಏಕೆಂದರೆ ಕೆಲವು ಫಿಲ್ಟರ್ ಬಣ್ಣವನ್ನು ತುಸು ಹಳದಿಗೋ ಹಸಿರಿಗೋ ತಿರುಗಿಸುತ್ತವೆ. ಲೆನ್ಸಿಗೊಂದು ಫಿಲ್ಟರ್ ಕೊಳ್ಳಬೇಡಿ. ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಅಳತೆಗೆ, ಉದಾಹರಣೆಗೆ 77 ಎಂಎಂಗೆ, ಒಂದು ಒಳ್ಳೆಯದನ್ನು ತೆಗೆದುಕೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿ.

ಪ್ರಶ್ನೆ: ಸಭಾಂಗಣದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿದಾಡುತ್ತವೆ. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಸೆನ್ಸರಿನದೇನೂ ತಪ್ಪಿಲ್ಲ. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಲ್ಲಿ ಶಟರ್ 1/50 ಅಥವಾ 1/100 ಇಡಿ. 60 ಹರ್ಟ್ಸ್ ಇರುವ ದೇಶಗಳಲ್ಲಿ 1/60 ಅಥವಾ 1/120. ಎಲ್‌ಇಡಿಗೆ ಡಿಮ್ಮರ್ ಹಾಕಿದ್ದರೆ ಅದರ ಮಿನುಗು ಬೇರೆಯೇ ವೇಗದ್ದು. ಡಿಮ್ಮರನ್ನು ಪೂರ್ತಿ ಏರಿಸಲು ಹೇಳಿ, ಆಗದಿದ್ದರೆ ಶಟರನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸುತ್ತ ಪಟ್ಟಿ ನಿಲ್ಲುವ ಜಾಗ ಹುಡುಕಿ. ಫೋಟೊದಲ್ಲಿಯೂ ಪಟ್ಟಿ ಬಂದರೆ ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ.

ಪ್ರಶ್ನೆ: 170 ಎಂಬಿ ವೇಗದ ಕಾರ್ಡ್ ಹಾಕಿದ್ದೇನೆ, ಆದರೂ 4ಕೆ ರೆಕಾರ್ಡಿಂಗ್ ನಡುವೆಯೇ ನಿಲ್ಲುತ್ತದೆ. ಏಕೆ?

ಉತ್ತರ: ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಪ್ರತಿ ಸಲವೂ 29 ನಿಮಿಷ 59 ಸೆಕೆಂಡಿಗೆ ನಿಂತರೆ ಅದು ಕ್ಯಾಮೆರಾದಲ್ಲೇ ಇಟ್ಟಿರುವ ಮಿತಿ; ಮತ್ತೆ ಬಟನ್ ಒತ್ತಿದರೆ ಮುಂದುವರಿಯುತ್ತದೆ. ಬಾಡಿ ಬಿಸಿಯಾಗಿ ತೆರೆಯ ಮೇಲೆ ಥರ್ಮಾಮೀಟರ್ ಗುರುತು ಕಂಡರೆ ಶಾಖ ಕಾರಣ: ತೆರೆಯನ್ನು ಬಾಡಿಯಿಂದ ಬಿಡಿಸಿ ತೆರೆದಿಡಿ, ನೆರಳಿಗೆ ಬನ್ನಿ. ಕೆಲವೇ ಸೆಕೆಂಡಿಗೆ ನಿಂತರೆ ಅನುಮಾನ ಕಾರ್ಡಿನ ಮೇಲೆ.

ಕಾರ್ಡಿನ ಮುಖದ ಮೇಲೆ ದೊಡ್ಡದಾಗಿ ಬರೆದ ವೇಗ ಸಾಮಾನ್ಯವಾಗಿ ಓದುವ ವೇಗ. ನೀವು ನೋಡಬೇಕಾದ್ದು ಸಣ್ಣ ‘ವಿ’ ಗುರುತು. ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವುದು ಖಾತ್ರಿ. ವಿ60, ವಿ90 ಕೂಡ ಹಾಗೆಯೇ. ಕ್ಯಾಮೆರಾದ ಮೆನುವಿನಲ್ಲಿ ಇರುವುದು ಮೆಗಾಬಿಟ್, ಅದನ್ನು ಎಂಟರಿಂದ ಭಾಗಿಸಿ. 100 ಮೆಗಾಬಿಟ್ಟಿನ 4ಕೆಗೆ 12.5 ಎಂಬಿ ಸಾಕು, ವಿ30 ಧಾರಾಳ. 64 ಜಿಬಿ ಕಾರ್ಡಿನಲ್ಲಿ ಸುಮಾರು 85 ನಿಮಿಷ ಹಿಡಿಸುತ್ತದೆ. 400 ಮೆಗಾಬಿಟ್ಟಿಗೆ 50 ಎಂಬಿ, ಅಲ್ಲಿ ವಿ60 ಬೇಕೇ ಬೇಕು. ಗುರುತು ಸರಿಯಿದ್ದೂ ನಿಲ್ಲುತ್ತಿದ್ದರೆ ಕಾರ್ಡ್ ನಕಲಿಯಿರಬಹುದು. ಫೈಲುಗಳನ್ನು ಬೇರೆಡೆ ಉಳಿಸಿಕೊಂಡು ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿಸಿ. ಬರೆದದ್ದೆಲ್ಲ ಮರಳಿ ಬಾರದಿದ್ದರೆ ಆ ಕಾರ್ಡನ್ನು ಅಂದೇ ಎಸೆಯಿರಿ.

ಪ್ರಶ್ನೆ: ಮೊಬೈಲಿಗೆಂದು ಕೊಂಡ ಕಾಲರ್ ಮೈಕ್ ಕ್ಯಾಮೆರಾಕ್ಕೆ ಹಾಕಿದರೆ ಸದ್ದೇ ಬರುವುದಿಲ್ಲ.

ಉತ್ತರ: ಪಿನ್ನಿನ ಮೇಲಿನ ಕಪ್ಪು ಬಳೆಗಳನ್ನು ಎಣಿಸಿ. ಮೂರಿದ್ದರೆ ಅದು ಮೊಬೈಲಿನ ಟಿಆರ್‌ಆರ್‌ಎಸ್ ಪಿನ್. ಕ್ಯಾಮೆರಾದ ಮೈಕ್ ಕಿಂಡಿ ಕೇಳುವುದು ಎರಡು ಬಳೆಯ ಟಿಆರ್‌ಎಸ್. ನಡುವೆ ಹಾಕಲು ಪುಟ್ಟ ಅಡಾಪ್ಟರ್ ಸಿಗುತ್ತದೆ, ಕೊಳ್ಳುವಾಗ ದಿಕ್ಕು ನೋಡಿಕೊಳ್ಳಿ: ಟಿಆರ್‌ಆರ್‌ಎಸ್ ಒಳಗೆ ಹೋಗಬೇಕು, ಟಿಆರ್‌ಎಸ್ ಹೊರಗೆ ಬರಬೇಕು.

ಸದ್ದು ಬಂದ ಮೇಲೆ ಆಟೊ ಲೆವೆಲ್ ಆಫ್ ಮಾಡಿ. ಆನ್ ಇದ್ದರೆ ಮಾತು ನಿಂತ ಕೂಡಲೇ ಕ್ಯಾಮೆರಾ ಗೇನ್ ಏರಿಸುತ್ತದೆ, ಫ್ಯಾನಿನ ಸದ್ದು ಉಬ್ಬಿ ಬರುತ್ತದೆ. ಜೋರು ಮಾತಿಗೆ ಮೀಟರ್ –12 ಡಿಬಿ ಮುಟ್ಟುವಂತೆ ಇಡಿ. ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ದೂರ ಅರ್ಧವಾದಂತೆ ನೇರ ಸದ್ದು 6 ಡಿಬಿ ಏರುತ್ತದೆ. ಎರಡು ಮೀಟರ್ ದೂರದ ದುಬಾರಿ ಮೈಕಿಗಿಂತ ಎದೆಯ ಮೇಲಿನ ಸಾಧಾರಣ ಮೈಕ್ ಎಷ್ಟೋ ಸಲ ಚೆನ್ನಾಗಿ ಕೇಳಿಸುವುದು ಅದಕ್ಕೇ. ತೆಗೆಯುವಷ್ಟು ಹೊತ್ತೂ ಹೆಡ್‌ಫೋನ್ ಕಿವಿಯಲ್ಲಿರಲಿ. ಬಟ್ಟೆ ಉಜ್ಜಿದ ಸದ್ದನ್ನು ಎಡಿಟಿಂಗಿನಲ್ಲಿ ತೆಗೆಯುವುದು ಬಲು ಕಷ್ಟ.

ಪ್ರಶ್ನೆ: ಬಳಸಿದ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ಇಣುಕಿ. ನಾಲ್ಕಾರು ಧೂಳಿನ ಕಣದಿಂದ ಫೋಟೊ ಕೆಡುವುದಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು, ಬೇಡ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪಿದ್ದರೆ ಅವು ನಿಧಾನವಾಗಿ ಮುಚ್ಚಿ ಎಕ್ಸ್‌ಪೋಶರ್ ತಪ್ಪಿಸುತ್ತವೆ. ಕೊನೆಗೆ ಗೋಡೆಗೆ ನಾಲ್ಕು ಪುಟದ ದಿನಪತ್ರಿಕೆ ಚಪ್ಪಟೆಯಾಗಿ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗೋಡೆಗೆ ಸರಿನೇರ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೊ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರ ಒಂದೇ ಸಮ ತುಸು ಮೆದುವಾಗಿದ್ದರೆ ಚಿಂತೆಯಿಲ್ಲ. ಮೂರು ಮೂಲೆ ಓದಲು ಬಂದು ಒಂದು ಮಾತ್ರ ಕಲಸಿಹೋಗಿದ್ದರೆ ಲೆನ್ಸಿನೊಳಗಿನ ಗಾಜು ವಾಲಿದೆ. ಅದನ್ನು ಕೊಳ್ಳಬೇಡಿ.