ಹದಿನೈದು ವರ್ಷದ ‘ಸದ್ಯ’

ಬೆಂಗಳೂರಿನಿಂದ ಬಂದ ಒಂದು ಪತ್ರವನ್ನು ಈ ವಾರ ಮೂರು ಸಲ ಓದಿದೆ. ಮೊದಲ ಸಲ ಓದಿ ಮಡಚಿಟ್ಟಾಗಲೇ ಎದೆಯಲ್ಲಿ ಮುಳ್ಳು ಮುರಿದಂತಾಯಿತು, ಎಲ್ಲಿ ಚುಚ್ಚಿತೆಂದು ತಿಳಿಯಲಿಲ್ಲ. ಮೂರನೇ ಸಲಕ್ಕೆ ಸಿಕ್ಕಿತು: ನಾಲ್ಕನೇ ಪುಟದ ಕೊನೆಯ ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ಬರೆದವರಿಗೆ ನಲವತ್ತೆರಡು ವರ್ಷ. ಸಾಫ್ಟ್‌ವೇರ್ ಕೆಲಸ, ಸಾಲದ ಫ್ಲ್ಯಾಟು, ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಹೆಂಡತಿ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಗೆ. ಅಲ್ಲಿ ಮೂರೂವರೆ ಎಕರೆ ಅಡಿಕೆ ತೋಟ, ಹಳೇ ಮನೆ, ತಾಯಿ. ತಂದೆ ಹೋಗಿ ಎರಡು ವರ್ಷವಾಯಿತು. ಬೆಂಗಳೂರು ಸಾಕಾಗಿದೆ ಎನ್ನುತ್ತಾರೆ. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ, 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದಿದ್ದು, ಬೆಳಿಗ್ಗೆ ಎದ್ದರೆ ಎದೆ ಭಾರ. ಕೆಲಸ ಬಿಟ್ಟು ಊರಿಗೆ ಹೋಗಬೇಕು. ತೋಟದ ಒಂದು ಪಕ್ಕ ಕಡಿದು ಬೆಣ್ಣೆಹಣ್ಣು ಹಾಕಬೇಕು, ಅಡಿಕೆ ಬೇಯಿಸುವ ಕೊಟ್ಟಿಗೆಯನ್ನು ಹೋಂಸ್ಟೇ ಮಾಡಬೇಕು. ನಕ್ಷೆಯನ್ನೂ ಬರೆಸಿಟ್ಟಿದ್ದಾರೆ. ಹೆಂಡತಿ ಮಾತ್ರ ಒಪ್ಪುತ್ತಿಲ್ಲ. ‘ಅವಳನ್ನು ಒಪ್ಪಿಸುವುದು ಹೇಗೆ, ಮೇಡಂ?’ ಎಂಬುದು ಅವರ ಪ್ರಶ್ನೆ.

ಹೆಂಡತಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಿಮ್ಮ ಪತ್ರದ ಪ್ರಕಾರವೇ ಆಕೆ ಕೇಳಿದ್ದು ಮೂರು ಮಾತು: ಮಕ್ಕಳಿಗೆ ಶಾಲೆ ಎಷ್ಟು ದೂರ, ನನ್ನ ಕೆಲಸದ ಗತಿ ಏನು, ಅಲ್ಲಿ ಅಡುಗೆಮನೆ ಯಾರದು. ಇದನ್ನು ನೀವು ‘ನೆಗೆಟಿವ್ ಆಗಿ ಯೋಚಿಸುತ್ತಾಳೆ’ ಎಂದು ಬರೆದಿದ್ದೀರಿ. ಸಂಸಾರ ಎತ್ತಿಕೊಂಡು ಹೊರಡುವ ಯಾವ ಹೆಂಗಸೂ ಕೇಳಲೇಬೇಕಾದ ಮಾತು ಅವು. ಒಂದು ಹಾಳೆಯಲ್ಲಿ ಮೂರಕ್ಕೂ ಉತ್ತರ ಬರೆದು ಆಕೆಯ ಕೈಗೆ ಕೊಡಿ. ಆದರೆ ಇವತ್ತೇ ಬೇಡ. ಉತ್ತರ ಬರೆಯುವಷ್ಟು ನಿಮಗೇ ಇನ್ನೂ ಏನೂ ಗೊತ್ತಿಲ್ಲ.

ಈಗ ಆ ಸಾಲು. ‘ತೋಟವನ್ನು ಸದ್ಯ ತಮ್ಮ ನೋಡಿಕೊಳ್ಳುತ್ತಿದ್ದಾನೆ, ಅವನ ತಕರಾರೇನೂ ಇಲ್ಲ.’

ಐದು ಪುಟದ ಪತ್ರದಲ್ಲಿ ತಮ್ಮನಿಗೆಂದು ಸಿಕ್ಕಿದ್ದು ಇದೊಂದು ಸಾಲು. ಉಳಿದದ್ದನ್ನು ನಾನು ಅಲ್ಲಲ್ಲಿಂದ ಹೆಕ್ಕಿ ಜೋಡಿಸಿದೆ. ಎರಡನೇ ಪುಟದಲ್ಲಿ ತಂದೆಯ ಕಾಯಿಲೆಯ ವಿಷಯ ಬರೆಯುತ್ತಾ, ಅವರಿಗೆ ಪಾರ್ಶ್ವವಾಯು ಆದಾಗ ತಮ್ಮ ಶಿವಮೊಗ್ಗದಲ್ಲಿ ಎಂ.ಕಾಂ. ಮೊದಲ ವರ್ಷದಲ್ಲಿದ್ದ, ಬಿಟ್ಟು ಬಂದ ಎಂದಿದ್ದೀರಿ. ಆಗ ಅವನಿಗೆ ಇಪ್ಪತ್ತೆರಡು, ಅದಾಗಿ ಹದಿನೈದು ವರ್ಷ. ಮೂರನೇ ಪುಟದಲ್ಲಿ ‘ಅವನಿಗೆ ಹೆಣ್ಣು ಸಿಗಲಿಲ್ಲ’ ಎಂದಿದೆ. ಅದೇ ಪುಟದಲ್ಲಿ, 2020ರಲ್ಲಿ ಲಾಕ್‌ಡೌನ್ ಆದಾಗ ನೀವು ನಾಲ್ವರೂ ಹದಿನಾಲ್ಕು ತಿಂಗಳು ಊರಲ್ಲಿದ್ದಿರಿ, ನೆಟ್‌ವರ್ಕ್ ಸಿಗುತ್ತಿದ್ದದ್ದು ಅವನ ಕೋಣೆಯಲ್ಲಿ ಮಾತ್ರವಾದ್ದರಿಂದ ಅದನ್ನು ನಿಮಗೆ ಬಿಟ್ಟುಕೊಟ್ಟ, ‘ಅವನು ಜಗುಲಿಯಲ್ಲಿ ಮಲಗುತ್ತಿದ್ದ, ಅವನಿಗೆ ಅದೆಲ್ಲ ಅಭ್ಯಾಸ’ ಎಂದು ಬರೆದಿದ್ದೀರಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಆ ಸೀಮೆಯ ಜಗುಲಿಯಲ್ಲಿ ಆಷಾಢದ ರಾತ್ರಿ ಎರಚಲಿಗೆ ಕಂಬಳಿಯೂ ಒದ್ದೆಯಾಗುತ್ತದೆ. ಯಾರಿಗೂ ಅದು ಅಭ್ಯಾಸವಾಗುವುದಿಲ್ಲ. ಆ ಹದಿನಾಲ್ಕು ತಿಂಗಳು ನಿಮ್ಮ ಬದುಕಿನ ಅತ್ಯಂತ ಸುಖದ ದಿನಗಳಾಗಿದ್ದವು ಎನ್ನುತ್ತೀರಿ. ಆ ಸುಖವನ್ನು ನಿಮಗೆ ಕೊಟ್ಟವನು ಯಾರು ಎಂದು ದಯವಿಟ್ಟು ಒಮ್ಮೆ ಯೋಚಿಸಿ.

ಹದಿನೈದು ವರ್ಷಕ್ಕೆ ‘ಸದ್ಯ’ ಎನ್ನುವುದಿಲ್ಲ. ಅಡಿಕೆ ಸಸಿ ನೆಟ್ಟು ಫಸಲಿಗೆ ಬಂದು ಮರ ಮುಗಿಲು ನೋಡುವಷ್ಟು ಕಾಲ ಅದು.

ಮೂರೂವರೆ ಎಕರೆ ಎಂದರೆ ಏನೆಂದು ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ, ನೀವು ಲೆಕ್ಕ ಬಲ್ಲವರು. ಎಕರೆಗೆ ಸುಮಾರು 550 ಮರ ಹಿಡಿದರೂ 1,900 ಮರವಾಯಿತು. ಕೊಳೆರೋಗ ಬಾರದಿರಲಿ ಎಂದು ಮುಂಗಾರಿಗೆ ಮೊದಲು ಒಂದು ಸಲ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಬೆರೆಸಿದ ಔಷಧಿ, ಹೊಡೆಯಬೇಕು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೇದೂ ಬೇಕು. ಎರಡೇ ಸಲ ಎಂದುಕೊಂಡರೂ ಒಂದು ಮಳೆಗಾಲಕ್ಕೆ 3,800 ಸಲ ಮರದ ತಲೆಗೆ ಔಷಧಿ ಮುಟ್ಟಿಸಬೇಕು. ಮರ ಹತ್ತುವ ಕೊನೆಗಾರರು ಈಗ ಸಿಗುವುದೇ ಕಷ್ಟ. ಸಿಕ್ಕವರು ಹೇಳಿದ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವರು ಇನ್ನೊಬ್ಬರ ತೋಟದಲ್ಲಿರುತ್ತಾರೆ. ಉದ್ದ ಕೋಲಿನ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಹೊಡೆಯಬಹುದು, ನಿಜ. ಹಾಗೆ ಹೊಡೆದವರ ಕುತ್ತಿಗೆಯನ್ನು ಸಂಜೆ ನೋಡಬೇಕು. ಇದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದು ಮಲೆನಾಡಿನ ತೋಟ ತೋಟವನ್ನೇ ಒಣಗಿಸಿದೆ. ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಚೊಗರು (ಅಡಿಕೆ ಬೇಯಿಸಿ ಉಳಿದ ಬಣ್ಣದ ನೀರು) ಕಾಯಿಸುವುದು, ಒಣಗಿಸುವುದು, ಆರಿಸುವುದು, ಮಂಡಿಗೆ ಹಾಕುವುದು. ನೀವು ಹೋಂಸ್ಟೇ ಮಾಡುತ್ತೇನೆಂದ ಕೊಟ್ಟಿಗೆಯಲ್ಲೇ ಇದೆಲ್ಲ ನಡೆಯುವುದು. ಅಲ್ಲಿ ಅತಿಥಿಗಳು ಮಲಗಿದರೆ ನಿಮ್ಮ ತಮ್ಮ ಅಡಿಕೆಯನ್ನು ಎಲ್ಲಿ ಬೇಯಿಸಬೇಕು? ನಿಮ್ಮ ನಕ್ಷೆಯಲ್ಲಿ ಆ ಹಂಡೆಗೆ ಜಾಗವೇ ಇಲ್ಲ.

‘ಅವನ ತಕರಾರೇನೂ ಇಲ್ಲ’ ಎಂದು ಯಾರು ಹೇಳಿದರು ನಿಮಗೆ? ಅದೂ ಪತ್ರದಲ್ಲಿದೆ: ತಾಯಿ ಫೋನಿನಲ್ಲಿ ಹೇಳಿದರು. ಮನೆಯ ವಿಷಯದಲ್ಲಿ ಫೋನಿಗೆ ಬಂದವರ ಮಾತು ನಂಬುವ ಮೊದಲು ಫೋನಿಗೆ ಬಾರದವರು ಎಲ್ಲಿದ್ದಾರೆ ಎಂದು ನೋಡಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ನಿಮ್ಮ ತಮ್ಮ ಆ ಹೊತ್ತಿಗೆ ಕೊಟ್ಟಿಗೆಯಲ್ಲಿದ್ದಿರುತ್ತಾನೆ, ಇಲ್ಲವೇ ತೋಟದ ಬಸಿಗಾಲುವೆಯಲ್ಲಿ ಮಣ್ಣು ತೆಗೆಯುತ್ತಿರುತ್ತಾನೆ.

ನನ್ನ ಮನೆಯಲ್ಲೇ ಇದು ನಡೆದಿದೆ, ಅದಕ್ಕೇ ಇಷ್ಟು ಬಿಸಿಯಾಗಿ ಬರೆಯುತ್ತಿದ್ದೇನೆ. ನನ್ನ ಅಪ್ಪ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದರು. ಅಷ್ಟು ವರ್ಷ ತೋಟ ನೋಡಿಕೊಂಡವರು ಚಿಕ್ಕಪ್ಪ. ಚೊಗರು ಹತ್ತಿ ಹತ್ತಿ ಅವರ ಅಂಗೈ ಗೆರೆಗಳು ಕಪ್ಪಾಗಿದ್ದವು, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೈ ಮಡಚಿಟ್ಟುಕೊಳ್ಳುತ್ತಿದ್ದರು. ಖರ್ಚಿನ ಲೆಕ್ಕವೆಲ್ಲ ಸೊಸೈಟಿ ಕ್ಯಾಲೆಂಡರಿನ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಅಪ್ಪ ಬಂದ ಎರಡನೇ ದಿನ ಸಂಜೆ, ಜಗುಲಿಯ ಕುರ್ಚಿಯಲ್ಲಿ ಕೂತು, ‘ಈ ವರ್ಷದ ಮಂಡಿ ಚೀಟಿಗಳೆಲ್ಲಿ? ಒಂದು ಸಲ ನೋಡೋಣ’ ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಆಫೀಸಿನ ರೂಢಿ. ಚಿಕ್ಕಪ್ಪ ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಅಪ್ಪನ ಕಾಲ ಬಳಿ ಇಟ್ಟರು. ಮುಚ್ಚಳವನ್ನೂ ತಾವೇ ತೆಗೆದರು. ಆಮೇಲೆ ದನಕ್ಕೆ ಹುಲ್ಲು ಹಾಕಲು ಹೋದರು, ಆ ರಾತ್ರಿ ಊಟಕ್ಕೆ ಬರಲಿಲ್ಲ. ಅಲ್ಲಿಂದ ಮುಂದೆ, ಸಾಯುವವರೆಗೂ, ಅವರ ಬಾಯಲ್ಲಿ ‘ನಮ್ಮ ತೋಟ’ ಎಂಬ ಮಾತು ನಾನು ಕೇಳಲಿಲ್ಲ. ಯಾರಾದರೂ ಕೇಳಿದರೆ ‘ಅಣ್ಣನ ತೋಟ’ ಎನ್ನುತ್ತಿದ್ದರು. ಅಪ್ಪನಿಗೆ ಅದು ಅರ್ಥವಾಗುವ ಹೊತ್ತಿಗೆ ಕೇಳಿಸಿಕೊಳ್ಳಲು ಚಿಕ್ಕಪ್ಪ ಇರಲಿಲ್ಲ.

ನಿಮ್ಮ ತಾಯಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ವಯಸ್ಸಾದ ಜೀವ, ಗಂಡನನ್ನು ಕಳೆದುಕೊಂಡವರು, ದೊಡ್ಡ ಮಗ ಹತ್ತಿರ ಬರಲಿ ಎಂಬ ಆಸೆ ಸಹಜ. ಆದರೆ ‘ನೀನು ಬಾ, ಅವನಿಗೇನು ತಿಳಿಯುತ್ತೆ’ ಎಂದು ಅವರು ವಾರಕ್ಕೆರಡು ಸಲ ಹೇಳುತ್ತಾರಲ್ಲ, ಅದಕ್ಕೆ ನನಗೆ ಅವರ ಮೇಲೆ ಸಿಟ್ಟಿದೆ. ಹದಿಮೂರು ವರ್ಷ ಹಾಸಿಗೆ ಹಿಡಿದ ಗಂಡನನ್ನು ಎತ್ತಿ ಕೂರಿಸಿದ್ದು, ಮೈ ಒರೆಸಿದ್ದು, ಹೊಳೆ ಉಕ್ಕಿ ರಸ್ತೆ ಕಟ್ಟಿದ ದಿನ ಔಷಧಿ ತಂದದ್ದು ಆ ‘ತಿಳಿಯದವನೇ’. ಹತ್ತಿರ ಇರುವ ಮಗನಿಗೆ ಕೆಲಸ, ದೂರದ ಮಗನಿಗೆ ಹೊಗಳಿಕೆ ಎಂದು ಹಂಚುವ ತಾಯಂದಿರನ್ನು ನಾನು ಬಹಳ ಕಂಡಿದ್ದೇನೆ. ಅಣ್ಣ ತಮ್ಮಂದಿರ ನಡುವೆ ಆಮೇಲೆ ಬರುವ ಜಗಳದ ಬೀಜ ಎಷ್ಟೋ ಮನೆಗಳಲ್ಲಿ ಅಲ್ಲೇ ಬಿದ್ದಿರುತ್ತದೆ. ಮುಂದಿನ ಸಲ ಅವರು ಹಾಗೆಂದಾಗ ‘ಹಾಗನ್ನಬೇಡ ಅಮ್ಮ’ ಎನ್ನಿ. ಅಷ್ಟು ಸಾಕು, ಅವರಿಗೆ ಗೊತ್ತಾಗುತ್ತದೆ.

ಅವನಿಗೆ ಹೆಣ್ಣು ಸಿಗಲಿಲ್ಲ ಎಂಬುದನ್ನೂ ಅಷ್ಟು ಹಗುರವಾಗಿ ಬರೆಯಬೇಡಿ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು, ಹೆಣ್ಣು ಸಿಗಲೆಂದು ಬೇಡಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿದೆಯೇ? ನಕ್ಕವರು ಬಹಳ ಮಂದಿ. ನನಗೆ ಅಳು ಬಂತು. ಮನೆ ಬಿಟ್ಟು ಹೋಗಲಾಗದೆ ಉಳಿದವರು ತೆತ್ತ ಬೆಲೆ ಅದು. ನಿಮ್ಮ ತಮ್ಮನ ವಿಷಯದಲ್ಲಿ, ಅವನು ಉಳಿದದ್ದರಿಂದಲೇ ನಿಮಗೆ ಹೋಗಲು ಸಾಧ್ಯವಾಯಿತು. ನಿಮ್ಮ ಫ್ಲ್ಯಾಟಿನ ಕಂತಿನಲ್ಲಿ ಅವನ ಪಾಲೂ ಇದೆ.

ಪಾಲು ಎಂದಾಗ ಕಾನೂನಿನ ಮಾತು. ‘ಕಾನೂನಿನ ಪ್ರಕಾರ ಅರ್ಧ ನನ್ನದೇ ಅಲ್ಲವೇ’ ಎಂದು ಕೇಳಿದ್ದೀರಿ. ಅಲ್ಲ. ಮದುವೆಯಾಗಿ ಹೊಸನಗರದಲ್ಲಿರುವ ನಿಮ್ಮ ತಂಗಿಯನ್ನು ಮರೆತಿದ್ದೀರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿತು, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ತಂದೆಯ ಭಾಗದಲ್ಲಿ ತಾಯಿಗೂ ಹಕ್ಕಿದೆ. ಹಾಗಾಗಿ ಅರ್ಧದ ಮಾತು ಬಿಡಿ, ವಕೀಲರ ಹತ್ತಿರ ಪಹಣಿ ತೆಗೆದುಕೊಂಡು ಹೋಗುವ ಕೆಲಸ ಮುಂದೆ ಎಂದಾದರೂ ಇರಲಿ.

ನಿಮ್ಮದೇ ತಾಲ್ಲೂಕಿನ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತವರು. ಉಳುವವನೇ ಹೊಲದೊಡೆಯ ಎಂಬ ಮಾತು 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಕಾನೂನೇ ಆಯಿತು. ಅದು ಗೇಣಿದಾರರಿಗಾಗಿ ಬಂದ ಕಾನೂನು, ಅಣ್ಣ ತಮ್ಮಂದಿರಿಗೆ ತಗಲುವುದಿಲ್ಲ. ಆದರೂ ಆ ಮಣ್ಣಿನಲ್ಲಿ ಹುಟ್ಟಿದ ನಿಮಗೆ, ಹದಿನೈದು ಮಳೆಗಾಲ ಆ ತೋಟದಲ್ಲಿ ನೆನೆದವನನ್ನು ಒಂದು ಮಾತು ಕೇಳದೆ ಅದರ ನಕ್ಷೆ ಬರೆಸುವುದು ಸರಿಯಲ್ಲ ಎಂದು ಮನಸ್ಸಿಗಾದರೂ ಅನ್ನಿಸಬೇಕಿತ್ತು.

ನಿಮ್ಮ ಆಸೆ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಎದ್ದರೆ ಎದೆ ಭಾರ ಎಂದವರಿಗೆ ಊರಿನ ನೆನಪು ಬರುವುದು ತಪ್ಪಲ್ಲ. ಆ ಭಾರಕ್ಕೆ ಮೊದಲು ಡಾಕ್ಟರ ಹತ್ತಿರ ಹೋಗಿ, ಅದನ್ನು ತೋಟ ವಾಸಿಮಾಡುತ್ತದೆ ಎಂದು ಕಾಯಬೇಡಿ. ಆದರೆ ನೀವು ಹೋಗಲು ಹೊರಟಿರುವುದು ಬರಿದಾದ ಮನೆಗಲ್ಲ, ಇನ್ನೊಬ್ಬನ ಬದುಕಿನ ಒಳಕ್ಕೆ.

ಅದಕ್ಕೆ ನಾನು ಹೇಳುವುದು ಒಂದೇ ಕೆಲಸ. ತಮ್ಮನನ್ನು ಕೇಳಿ.

ಫೋನಿನಲ್ಲಿ ಬೇಡ. ದೀಪಾವಳಿಗೆ ಎಲ್ಲರೂ ಸೇರಿದಾಗಲೂ ಬೇಡ, ತಾಯಿಯ ಎದುರು ಬೇಡವೇ ಬೇಡ. ಜುಲೈಯಲ್ಲಿ ಎರಡನೇ ಔಷಧಿ ಹೊಡೆಯುವ ಹೊತ್ತಿಗೆ ನಾಲ್ಕು ದಿನ ರಜೆ ಹಾಕಿ ಒಬ್ಬರೇ ಹೋಗಿ. ಲ್ಯಾಪ್‌ಟಾಪು, ನಕ್ಷೆ ಎರಡೂ ಬೆಂಗಳೂರಲ್ಲೇ ಇರಲಿ. ಅವನ ಕೋಣೆ ಬೇಡ ಎನ್ನಿ, ಜಗುಲಿಯಲ್ಲಿ ನೀವು ಮಲಗಿ. ಮೊದಲ ದಿನ ಏನೂ ಕೇಳಬೇಡಿ, ಅವನು ಹೇಳಿದ ಕೆಲಸ ಮಾಡಿ. ಮೈಲುತುತ್ತ ಕರಗಿಸಲು ಹೇಳಿದರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಕಬ್ಬಿಣದ ಬಕೆಟ್ಟು ಮುಟ್ಟಬೇಡಿ. ಸುಣ್ಣ ಬೆರೆಸಿದ ಮೇಲೆ ಅವನು ಹೊಳೆಯುವ ಕತ್ತಿಯನ್ನು ಅದ್ದಿ ನೋಡಬಹುದು. ಅಲಗು ಕೆಂಪಾದರೆ ಸುಣ್ಣ ಇನ್ನೂ ಬೇಕು ಎಂದು ಅರ್ಥ. ಅವನಿಗೆ ಏನೇನು ತಿಳಿದಿದೆ ಎಂದು ಪಕ್ಕದಲ್ಲಿ ನಿಂತು ನೋಡಿ.

ಮರುದಿನವೋ ಅದರ ಮರುದಿನವೋ, ತೋಟದಲ್ಲಿ ಇಬ್ಬರೇ ಇದ್ದಾಗ ಕೇಳಿ: ‘ನಾನು ಊರಿಗೆ ಬರಬೇಕು ಅಂದ್ಕೊಂಡಿದ್ದೀನಿ. ನಿನಗೆ ಏನನ್ನಿಸುತ್ತೆ?’ ಇಷ್ಟೇ. ಬೆಣ್ಣೆಹಣ್ಣು, ಹೋಂಸ್ಟೇ ಯಾವುದನ್ನೂ ಸೇರಿಸಬೇಡಿ. ಕೇಳಿದ ಮೇಲೆ ಸುಮ್ಮನಿರಿ. ಹದಿನೈದು ವರ್ಷದಿಂದ ಯಾರೂ ಅಭಿಪ್ರಾಯ ಕೇಳದವನಿಗೆ ಉತ್ತರ ತಟ್ಟನೆ ಬರುವುದಿಲ್ಲ. ‘ನಿಂಗೆ ಬಿಟ್ಟಿದ್ದು’ ಎಂದಾನು. ಅದನ್ನು ಒಪ್ಪಿಗೆ ಎಂದು ಹಿಡಿಯಬೇಡಿ. ಅದೇ ತಪ್ಪನ್ನು ನನ್ನ ಅಪ್ಪ ಮಾಡಿದರು. ‘ನನಗೆ ಬಿಡಬೇಡ, ನಿನ್ನ ಮನಸ್ಸಲ್ಲಿ ಇರೋದು ಹೇಳು’ ಎಂದು ಇನ್ನೊಮ್ಮೆ ಕೇಳಿ.

ಬಾ ಎಂದರೆ ಯಾವ ಕೆಲಸ ಯಾರದು, ಹಣ ಯಾರ ಖಾತೆಗೆ, ಇಷ್ಟು ವರ್ಷದ ಅವನ ದುಡಿಮೆಗೆ ಏನು ಎಂಬುದನ್ನು ಕಾಗದದಲ್ಲಿ ಬರೆದು, ತಂಗಿಯನ್ನೂ ಕೂರಿಸಿ ಮಾತಾಡಿ. ಆಮೇಲೆ ಹೆಂಡತಿಯ ಮೂರು ಪ್ರಶ್ನೆಗೂ ಉತ್ತರ ನಿಮ್ಮ ಕೈಯಲ್ಲಿರುತ್ತದೆ. ಬೇಡ ಎಂದರೆ ಆ ತೋಟಕ್ಕೆ ಹೋಗಬೇಡಿ. ಹಳ್ಳಿಯಲ್ಲಿ ಬದುಕಲೇಬೇಕೆಂಬ ಆಸೆ ಅಷ್ಟಿದ್ದರೆ ಫ್ಲ್ಯಾಟು ಮಾರಿ ಅದೇ ತಾಲ್ಲೂಕಿನಲ್ಲಿ ಬೇರೆ ಎರಡು ಎಕರೆ ಕೊಂಡುಕೊಳ್ಳಿ, ಅವನ ನೆರೆಯವರಾಗಿರಿ.

ರಾಜೀನಾಮೆ ಪತ್ರ ಅಲ್ಲಿಯವರೆಗೆ ಹಾಗೇ ಇರಲಿ. ಊರಿಂದ ಬಂದ ಮೇಲೆ, ಅವನು ಹೇಳಿದ್ದನ್ನು ಅವನದೇ ಮಾತಿನಲ್ಲಿ ನನಗೆ ಬರೆದು ಕಳಿಸಿ.