ಅಂತರಿಕ್ಷ ಕಥೆಯ ಟಿವಿ ಸರಣಿ ಸ್ಟಾರ್ ಟ್ರೆಕ್‌ನ ‘ಎಥಿಕ್ಸ್’ ಕಂತಿನಲ್ಲಿ ನೌಕೆಯ ಅಧಿಕಾರಿ ವೋರ್ಫ್ ಗುಣವಾದರೂ ನೌಕೆಯ ವೈದ್ಯೆ ಡಾ. ಕ್ರಷರ್‌ಗೆ ಸಿಟ್ಟೇಕೆ?

ಅವನು ಉಳಿದದ್ದು ಅದೃಷ್ಟದಿಂದ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ರಸೆಲ್‌ಳ ವಿವೇಕದಿಂದಲ್ಲ, ಸಿಟ್ಟು ಅದಕ್ಕೆ.

1992ರ ಈ ಕಂತಿನಲ್ಲಿ ಸರಕಿನ ಪೀಪಾಯಿ ಬಿದ್ದು ವೋರ್ಫ್‌ನ ಬೆನ್ನುಹುರಿ ಜಖಂ ಆಗುತ್ತದೆ. ಹೀಗೆ ನಡೆಯಲಾಗದೆ ಬದುಕುವುದಕ್ಕಿಂತ ಸಾವೇ ಮೇಲು ಎಂದು ಹಟ ಹಿಡಿಯುತ್ತಾನೆ. (ನಮ್ಮ ಕೊಡಗಿನಲ್ಲಿ ಮೆಣಸು ಕುಯ್ಯಲು ಸಿಲ್ವರ್ ಓಕ್ ಹತ್ತಿ ಬಿದ್ದವರ ಮನೆಯಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ.) ರಸೆಲ್ ಬಳಸಿಕೊಳ್ಳುವುದು ಆ ಹತಾಶೆಯನ್ನೇ. ಜೀವಂತ ರೋಗಿಯ ಮೇಲೆ ಎಂದೂ ಮಾಡದ ಶಸ್ತ್ರಚಿಕಿತ್ಸೆಗೆ ಅವನು ಒಪ್ಪುತ್ತಾನೆ, ನಿಜ. ಆದರೆ ಇನ್ನೊಂದು ದಾರಿ ಸಾವು ಎಂದುಕೊಂಡವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರ? ಅದಕ್ಕೂ ಮೊದಲು, ರೂಢಿಯ ಚಿಕಿತ್ಸೆ ಬಿಟ್ಟು ಅವಳು ಪ್ರಯೋಗದ ಔಷಧ ಕೊಟ್ಟ ಇನ್ನೊಬ್ಬ ರೋಗಿ ಸತ್ತಿರುತ್ತಾನೆ.

ಅಂದಹಾಗೆ, ಗುಣವಾಗದ ಸ್ಥಿತಿಯಲ್ಲಿ ಜೀವರಕ್ಷಕ ಚಿಕಿತ್ಸೆ ಬೇಡವೆನ್ನುವ ಹಕ್ಕನ್ನು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ. ವೋರ್ಫ್ ಗೆಳೆಯನಿಂದ ಕೇಳುವ ಸಾಯುವ ನೆರವು ಅದರಲ್ಲಿ ಸೇರುವುದಿಲ್ಲ.