ಮಳೆಗಾಲದ ಮಂಕು ಬೆಳಕಲ್ಲಿ ಒಳ್ಳೆ ಫೋಟೋ ಬೇಕಂದ್ರೆ ಎಡಿಟಿಂಗ್ ಕಲೀಬೇಕಾ, ಕ್ಯಾಮರಾ ಕಲೀಬೇಕಾ?

ಜುಲೈನಲ್ಲಿ ಜೋಗಕ್ಕೆ ಹೋಗಿದ್ದೆ, ಫೋಟೋಗಳೆಲ್ಲ ಬೂದು ಬೂದಾಗಿ ಸಪ್ಪೆ ಬಂದಿವೆ, ಅದೇ ಜಾಗದ ಬೇರೆಯವರ ಫೋಟೋಗಳು ಇನ್‌ಸ್ಟಾಗ್ರಾಮ್‌ನಲ್ಲಿ ಪಳಪಳ ಹೊಳೆಯುತ್ತವೆ, ಹಾಗಾದರೆ ಕ್ಯಾಮರಾ ಬಿಟ್ಟು ಲೈಟ್‌ರೂಮ್ (ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್) ಕಲಿಯಲಾ ಅಂತ ಕೇಳಿದ್ದೀರಿ.

ಮೊದಲು ಕ್ಯಾಮರಾ ಕಲಿಯಿರಿ. ಮಂಕು ಬೆಳಕಲ್ಲಿ ತೆಗೆಯುವವರಂತೂ ಮೊದಲು ಕ್ಯಾಮರಾನೇ ಕಲಿಯಬೇಕು. ನಾನು ಎಡಿಟಿಂಗ್‌ನ ವಿರೋಧಿ ಅಲ್ಲ, ಹೊರಗೆ ತೋರಿಸುವ ಪ್ರತಿ ಫೋಟೋಗೂ ಎಡಿಟ್ ಮಾಡುತ್ತೇನೆ. ಆದರೆ ಬಿಸಿಲಲ್ಲಿ ತೆಗೆದ ಫೈಲ್ ಎಷ್ಟು ಎಳೆದಾಡಿದರೂ ತಡೆದುಕೊಳ್ಳುತ್ತೆ. ಮೋಡದಲ್ಲಿ ತೆಗೆದದ್ದು ಬೇಗ ಸೋಲುತ್ತೆ.

ನಿಮ್ಮ ಫೋಟೋ ಬೂದು ಬರಲು ಬಹುಶಃ ಒಂದು ಸರಳ ಕಾರಣ ಇದೆ. ಕ್ಯಾಮರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಎದುರಿಗಿರುವುದು ಮಂಜೋ ಕರಿಬಂಡೆಯೋ ಗೊತ್ತಾಗುವುದಿಲ್ಲ. ಏನೇ ಇದ್ದರೂ ಅದನ್ನು ನಡುಮಟ್ಟದ ಬೂದು ಅಂತ ಅಂದುಕೊಂಡೇ ಲೆಕ್ಕ ಹಾಕುತ್ತೆ. ಜೋಗದಲ್ಲಿ ಮಳೆಗಾಲದಲ್ಲಿ ಚೌಕಟ್ಟಿನ ಮುಕ್ಕಾಲು ಪಾಲು ಬಿಳಿ ಮಂಜು, ಬಿಳಿ ನೀರು. ಮೀಟರ್ ಅಷ್ಟನ್ನೂ ಬೂದಿಗೆ ಇಳಿಸುತ್ತೆ. ಕ್ಯಾಮರಾ ಮೇಲೆ ಪ್ಲಸ್ ಮೈನಸ್ ಗುರುತಿನ ಒಂದು ಬಟನ್ ಇರುತ್ತಲ್ವಾ, ಎಕ್ಸ್‌ಪೋಷರ್ ಕಾಂಪೆನ್ಸೇಶನ್, ಅಂದರೆ ಫೋಟೋವನ್ನು ಬೇಕಂತಲೇ ಬೆಳ್ಳಗೋ ಕಪ್ಪಗೋ ಮಾಡುವಂಥದ್ದು, ಅದನ್ನು ಪ್ಲಸ್ 1ಕ್ಕೆ ತಿರುಗಿಸಿ. ಮಂಜು ದಟ್ಟ ಇದ್ದರೆ ಪ್ಲಸ್ 1.5 ಬೇಕಾಗಬಹುದು. ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಅಂತ ತೋರಿಸುವ ನಕ್ಷೆ) ಬಲಗಡೆಗೆ ಸರಿಯಬೇಕು, ಆದರೆ ಅಂಚಿಗೆ ಹೋಗಿ ಗುದ್ದಬಾರದು. ಮಳೆಯಲ್ಲಿ ನಿಂತ ಕಾಟಿಯನ್ನೋ ಒದ್ದೆ ಬಂಡೆಯನ್ನೋ ತುಂಬಿಕೊಂಡು ತೆಗೆಯುವಾಗ ಇದರ ಉಲ್ಟಾ. ಅಲ್ಲಿ ಮೈನಸ್ ಕಡೆ ಹೋಗಬೇಕು, ಇಲ್ಲದಿದ್ದರೆ ಕಪ್ಪು ಬೆಳ್ಳಗಾಗುತ್ತೆ.

ಇದನ್ನೇ ಆಮೇಲೆ ಎಡಿಟ್‌ನಲ್ಲಿ ಮಾಡಿದರಾಯಿತಲ್ಲ ಅನ್ನಬಹುದು. ಸ್ವಲ್ಪ ಮಟ್ಟಿಗೆ ಆಗುತ್ತೆ. ಆದರೆ ಮೋಡದಲ್ಲಿ ಬೆಳಕು ಎಷ್ಟು ಕಡಿಮೆ ಅನ್ನುವುದು ನಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಕಣ್ಣು ಹೊಂದಿಕೊಂಡುಬಿಡುತ್ತೆ. ಲೆಕ್ಕ ಹಾಕಿ ನೋಡಿ. ನೆತ್ತಿ ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್/8 ಇಟ್ಟರೆ ಸುಮಾರು 1/400 ಸೆಕೆಂಡ್ ಶಟರ್ ಸಿಗುತ್ತೆ, ಅಂದರೆ ಅಷ್ಟು ಹೊತ್ತು ಬೆಳಕು ಒಳಗೆ ಬಿಟ್ಟರೆ ಸಾಕು. ಮೋಡ ದಟ್ಟವಾಗಿ ಕವಿದರೆ ಮೂರು ಸ್ಟಾಪ್ ಹೋಯಿತು (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ ಆದಂತೆ), ಅಂದರೆ ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯಿತು, ಶಟರ್ 1/50. ಆಗುಂಬೆಯಂಥ ಕಾಡಿನ ಒಳಗೆ ಕಾಲಿಟ್ಟರೆ ಇನ್ನೂ ನಾಲ್ಕು ಸ್ಟಾಪ್ ಸುಲಭವಾಗಿ ಹೋಗುತ್ತೆ. ಆಗ ಉಳಿಯುವುದು 1/3 ಸೆಕೆಂಡ್. ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ.

ಹಾಗಾಗಿ ಐಎಸ್‌ಒ ಏರಿಸಬೇಕು. ಅದೇ ಕಾಡಲ್ಲಿ ಎಫ್/5.6 (ಎಫ್/8ಕ್ಕಿಂತ ದೊಡ್ಡ ಕಿಂಡಿ), ಐಎಸ್‌ಒ 3200 ಇಟ್ಟರೆ 1/200 ಸಿಗುತ್ತೆ, ಕೂತ ಹಕ್ಕಿಗೆ ಅಷ್ಟು ಸಾಕು. ಆದರೆ ಜಾಸ್ತಿ ಜನ ನಾಯ್ಸ್‌ಗೆ (ಫೋಟೋದಲ್ಲಿ ಮರಳಿನಂತೆ ಕಾಣುವ ಚುಕ್ಕೆಗಳಿಗೆ) ಹೆದರಿ ಐಎಸ್‌ಒ 400ರಲ್ಲೇ ನಿಲ್ಲುತ್ತಾರೆ. ಹಕ್ಕಿ ಅಲುಗಿರುತ್ತೆ, ಫೋಟೋ ಕತ್ತಲಾಗಿರುತ್ತೆ. ಮನೆಗೆ ಬಂದು ಕತ್ತಲನ್ನು ಎಳೆದು ಬೆಳ್ಳಗೆ ಮಾಡಿದರೆ ನಾಯ್ಸ್ ಹೇಗೂ ಬರುತ್ತೆ, ಜೊತೆಗೆ ಅಲುಗಾಟವೂ ಉಳಿಯುತ್ತೆ. ನಾಯ್ಸ್ ಹುಟ್ಟುವುದು ಮುಖ್ಯವಾಗಿ ಬೆಳಕಿನ ಕೊರತೆಯಿಂದ. ಬೆಳಕು ನಾಲ್ಕು ಪಟ್ಟು ಸಿಕ್ಕರೆ ಅದರ ಕಾಟ ಸುಮಾರು ಅರ್ಧಕ್ಕೆ ಇಳಿಯುತ್ತೆ. ಹಾಗಾಗಿ ಶಟರ್ ಎಷ್ಟು ನಿಧಾನ ಮಾಡಿದರೂ ಅಲುಗದೆ ನಿಲ್ಲುವಂತೆ ನೋಡಿಕೊಳ್ಳುವುದು, ಅಪರ್ಚರ್ ತೆರೆಯುವುದು, ಟ್ರೈಪಾಡ್ ಹೊರುವುದು, ಇವೆಲ್ಲ ನಿಜವಾದ ನಾಯ್ಸ್ ರಿಡಕ್ಷನ್. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡೀನಾಯ್ಸ್ ಬಹಳ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಅಲುಗಿದ ಕಣ್ಣನ್ನು ನಂಬುವಂತೆ ಚೂಪು ಮಾಡಿಕೊಡುವ ಸ್ಲೈಡರ್ ನಾನಂತೂ ಇನ್ನೂ ಕಂಡಿಲ್ಲ.

ಇನ್ನು ಹಸಿರಿನ ವಿಷಯ. ಇಲ್ಲೇ ಎಡಿಟಿಂಗ್ ಅತಿ ಹೆಚ್ಚು ಕೆಡುವುದು. ಮಳೆಯಲ್ಲಿ ನೆನೆದ ಎಲೆ ಮೇಲೆ ಬಿಳಿ ಆಕಾಶದ ಹೊಳಪು ಕೂತಿರುತ್ತೆ. ಅದಕ್ಕೇ ಹಸಿರು ಸಪ್ಪೆ ಕಾಣುವುದು. ಆ ಹೊಳಪನ್ನು ತೆಗೆಯದೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಹೊಳಪಿರುವ ಕಡೆ ನೀಲಿ ಛಾಯೆ ಬರುತ್ತೆ, ಇಲ್ಲದ ಕಡೆ ಹಸಿರು ಪ್ಲಾಸ್ಟಿಕ್ ಆಗುತ್ತೆ. ಲೆನ್ಸ್ ಮುಂದೆ ಪೋಲರೈಸರ್ ಅನ್ನುವ ಒಂದು ಫಿಲ್ಟರ್ ಹಾಕಿ ತಿರುಗಿಸಿ ನೋಡಿ. ಹೊಳಪು ಹೋಗಿ ಅಡಿಯಲ್ಲಿದ್ದ ಎಲೆಯ ಬಣ್ಣ ತಾನಾಗಿಯೇ ಮೇಲೆ ಬರುತ್ತೆ. ಹೊಳಪಿನಡಿ ಮುಚ್ಚಿಹೋದ ಬಣ್ಣ ಫೈಲ್‌ಗೆ ಸರಿಯಾಗಿ ಬಂದೇ ಇರುವುದಿಲ್ಲ, ಹಾಗಾಗಿ ಈ ಕೆಲಸ ಕಂಪ್ಯೂಟರ್ ಮುಂದೆ ಕೂತು ಆಗುವಂಥದ್ದಲ್ಲ. ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತೆ. ಹಕ್ಕಿಗೆ ಹಾಕಬೇಡಿ, ಟ್ರೈಪಾಡ್ ಮೇಲೆ ಕಾಡು, ಹಳ್ಳ ತೆಗೆಯುವಾಗ ಹಾಕಿ.

ಎಡಿಟ್‌ನಲ್ಲಿ ಮಂಜಿನ ಮಸುಕು ತೆಗೆಯುವ ಡಿಹೇಜ್ ಸ್ಲೈಡರ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಮಲೆನಾಡಿನ ಬೆಟ್ಟಗಳು ಒಂದರ ಹಿಂದೆ ಒಂದು ಮಸುಕಾಗುತ್ತಾ ಹೋಗುವುದರಿಂದಲೇ ನಮಗೆ ದೂರ ಗೊತ್ತಾಗುವುದು. ಡಿಹೇಜ್ ಜೋರಾಗಿ ಎಳೆದರೆ ಆ ಸಾಲುಗಳೆಲ್ಲ ಒಂದೇ ಗೋಡೆಗೆ ಅಂಟಿಸಿದಂತೆ ಆಗುತ್ತವೆ, ನಾಯ್ಸ್ ಕೂಡ ಎದ್ದು ಕಾಣುತ್ತೆ. ಅಂದಹಾಗೆ, ಎಸಿ ಕಾರಿನಿಂದ ಇಳಿದ ತಕ್ಷಣ ಲೆನ್ಸ್ ಮೇಲೆ ಹಬೆ ಕಟ್ಟುತ್ತೆ. ಎಷ್ಟೋ ಸಲ ಜನ ಮಂಜು ಅಂದುಕೊಂಡು ಎಡಿಟ್‌ನಲ್ಲಿ ತೆಗೆಯಲು ಒದ್ದಾಡುವುದು ಈ ಹಬೆಯನ್ನೇ. ಹತ್ತಿ ಬಟ್ಟೆ ಜೇಬಲ್ಲಿರಲಿ.

ನೀವು ನೋಡಿದ ಪಳಪಳ ಫೋಟೋಗಳಲ್ಲಿ ಕೆಲವು ಆಕಾಶ ಬದಲಿಸಿದವು ಇರಬಹುದು. ಫೋಟೋಶಾಪ್‌ನಲ್ಲಿ 2020ರಿಂದ ಒಂದೇ ಕ್ಲಿಕ್‌ನಲ್ಲಿ ಆಕಾಶ ಬದಲಾಗುತ್ತೆ. ಆದರೆ ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬೀಳುತ್ತೆ, ಗಟ್ಟಿ ನೆರಳಿರುವುದಿಲ್ಲ. ಮೇಲೆ ಕಿತ್ತಳೆ ಸೂರ್ಯಾಸ್ತ ಅಂಟಿಸಿದರೂ ಕೆಳಗೆ ಬಂಡೆಗೆ ನೆರಳೇ ಇಲ್ಲ, ಗುಂಡಿ ನೀರಲ್ಲಿ ಇನ್ನೂ ಬಿಳಿ ಆಕಾಶವೇ ಕಾಣುತ್ತಿರುತ್ತೆ. ಒಮ್ಮೆ ಗಮನಿಸಿದರೆ ಆಮೇಲೆ ಕಣ್ಣಿಗೆ ಚುಚ್ಚುತ್ತೆ. ಇಂಥ ಫೋಟೋ ಜೊತೆ ನಿಮ್ಮದನ್ನು ಹೋಲಿಸಿ ಬೇಜಾರಾಗಬೇಡಿ. ಬಿಳಿ ಆಕಾಶ ಚೆನ್ನಾಗಿಲ್ಲ ಅನಿಸಿದರೆ ಚೌಕಟ್ಟಿನಿಂದ ಆಚೆ ಬಿಡಿ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಆಕಾಶದ ಸಮೇತ ತುಂಬಿಸಲೇಬೇಕು ಅಂತೇನಿಲ್ಲ. ಮಂಜು ಸರಿದಾಗ ಕಾಣುವ ಒಂದು ಧಾರೆ, ಪಕ್ಕದ ಕಪ್ಪು ಬಂಡೆ, ಅಷ್ಟೇ ಸಾಕು.

ಎಡಿಟಿಂಗ್ ಅನ್ನೋದು ಮೋಸ ಅಂತ ಹೇಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಏರುವ ಫೋಟೋ ತೆಗೆದರು. ಸಂಜೆ, ಬೆಳಕು ಜಾರುತ್ತಿತ್ತು, ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅನ್ನುವುದು ಅವರಿಗೆ ನೆನಪಿತ್ತು, ಅದರಿಂದಲೇ ಲೆಕ್ಕ ಹಾಕಿ ಎಫ್/32ರಲ್ಲಿ ಒಂದು ಸೆಕೆಂಡ್ ಕೊಟ್ಟರು. ಇನ್ನೊಂದು ತೆಗೆಯುವಷ್ಟರಲ್ಲಿ ಹಳ್ಳಿಯ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆಮೇಲೆ ವರ್ಷಗಟ್ಟಲೆ ಡಾರ್ಕ್‌ರೂಮಿನಲ್ಲಿ ಆ ಒಂದು ನೆಗೆಟಿವ್ ಜೊತೆ ಕೆಲಸ ಮಾಡಿದರು, ಪ್ರಿಂಟಿನಿಂದ ಪ್ರಿಂಟಿಗೆ ಆಕಾಶ ಕಪ್ಪಾಗುತ್ತಾ ಹೋಯಿತು. ನೆಗೆಟಿವ್‌ನ ಮುಂಭಾಗ ತೆಳುವಾಗಿತ್ತು ಅಂತ 1948ರಲ್ಲಿ ರಾಸಾಯನಿಕ ಹಾಕಿ ಅದನ್ನು ಗಟ್ಟಿ ಮಾಡಿದರು. ಅಷ್ಟು ದೊಡ್ಡ ಎಡಿಟಿಂಗ್! ಆದರೆ ಆ ಒಂದು ಸೆಕೆಂಡ್ ಸರಿ ಇಲ್ಲದಿದ್ದರೆ ಎಡಿಟ್ ಮಾಡಲು ಏನೂ ಇರುತ್ತಿರಲಿಲ್ಲ.

ಎಡಿಟ್‌ನಲ್ಲಿ ನಾನು ಮಾಡುವುದು ಇಷ್ಟು: ವೈಟ್ ಬ್ಯಾಲೆನ್ಸ್ (ಒಟ್ಟಾರೆ ಬಣ್ಣದ ಛಾಯೆ) ಸ್ವಲ್ಪ ಬೆಚ್ಚಗೆ, ಕಪ್ಪಿಗೆ ಸ್ವಲ್ಪ ಗಟ್ಟಿತನ, ಮುಖ್ಯ ವಸ್ತುವಿನ ಮೇಲೆ ಮೆಲ್ಲಗೆ ಬೆಳಕು, ಅಂಚುಗಳು ಒಂಚೂರು ಕತ್ತಲೆಗೆ. ಮಳೆಯ ದಿನ ಮಳೆಯ ದಿನದಂತೆಯೇ ಕಾಣಬೇಕು, ಅದು ನನ್ನ ಗೆರೆ. ನೇಚರ್ ವಿಭಾಗದ ಸ್ಪರ್ಧೆಗೆ ಕಳಿಸುವ ಆಸೆ ಇದ್ದರೆ ಈ ಗೆರೆ ಇನ್ನೂ ಬಿಗಿ. ಎಫ್‌ಐಎಪಿ (ಅಂತರರಾಷ್ಟ್ರೀಯ ಛಾಯಾಚಿತ್ರ ಒಕ್ಕೂಟ), ಪಿಎಸ್‌ಎ (ಅಮೆರಿಕದ ಛಾಯಾಚಿತ್ರ ಸಂಘ) ನಿಯಮದಲ್ಲಿ ಕ್ರಾಪ್ ಮಾಡಬಹುದು, ನಾಯ್ಸ್ ತೆಗೆಯಬಹುದು, ಆದರೆ ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ.

ಜೋಗದ ಫೋಟೋಗಳ ರಾ ಫೈಲ್ (ಕ್ಯಾಮರಾ ಸೆರೆಹಿಡಿದ ಕಚ್ಚಾ ಫೈಲ್) ಇದ್ದರೆ ಅಳಿಸಬೇಡಿ. ಎಕ್ಸ್‌ಪೋಷರ್ ಸ್ಲೈಡರನ್ನು ಒಂದು ಸ್ಟಾಪ್ ಮೇಲಕ್ಕೆ ತಂದು ನೋಡಿ, ಮೊದಲು ಬೇರೆ ಏನೂ ಮುಟ್ಟಬೇಡಿ. ಮಂಜು ಬಿಳಿ ಆದರೆ ಅರ್ಧ ಕೆಲಸ ಮುಗಿಯಿತು. ಜೆಪೆಗ್ (ಕ್ಯಾಮರಾ ತಾನೇ ಕುಗ್ಗಿಸಿ ಕೊಡುವ ಫೈಲ್) ಮಾತ್ರ ಇದ್ದರೆ ಹುಷಾರು. ರಾ ಫೈಲ್‌ನಲ್ಲಿ ಒಂದೊಂದು ಬಣ್ಣಕ್ಕೆ ಸಾಮಾನ್ಯವಾಗಿ 16,384 ಮೆಟ್ಟಿಲು ಇದ್ದರೆ ಜೆಪೆಗ್‌ನಲ್ಲಿ ಬರೀ 256. ಜಾಸ್ತಿ ಎಳೆದರೆ ಮಂಜಿನಲ್ಲಿ ಪಟ್ಟೆ ಪಟ್ಟೆ ಬರುತ್ತೆ. ಅರ್ಧ ಸ್ಟಾಪ್ ಏರಿಸಿ ಅಲ್ಲಿಗೇ ಬಿಡಿ. ಮುಂದಿನ ಸಲ ಹೋಗುವ ಮುಂಚೆ ಮನೆಯ ಬಿಳಿ ಗೋಡೆ ಎದುರು ನಿಂತು ಪ್ಲಸ್ 1, ಪ್ಲಸ್ 2 ಅಂತ ತೆಗೆದು ನೋಡಿ, ಆ ಬಟನ್ ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುವಂತಿರಲಿ.